ನೀಲಿ ಗೆರೆಯ ಸುಳ್ಳು

ಆ ಬೆಳಿಗ್ಗೆ ಮಳೆ ಇರಲಿಲ್ಲ. ಹನ್ನೊಂದು ದಿನ ಎಡೆಬಿಡದೆ ಸುರಿದ ಆಷಾಢದ ಮಳೆ ನಸುಕಿನಲ್ಲಿ ನಿಂತು, ಹಿರೇಗುತ್ತಿಯ ಗಜನಿ ಬಯಲಿನ ಮೇಲೆ ತೆಳ್ಳಗಿನ ಬಿಸಿಲು ಬಿದ್ದಿತ್ತು. ಪಡುವಣ ಗಾಳಿ ಬಿದ್ದುಹೋಗಿತ್ತು. ಅಘನಾಶಿನಿ ಹೊಳೆ ಕೆಂಪು ನೀರು ಹೊತ್ತು ಸದ್ದಿಲ್ಲದೆ ಸಮುದ್ರದ ಕಡೆ ಸಾಗಿತ್ತು.

ಆ ಮೌನದಲ್ಲಿ ಒಂದು ಕೂಗು!

"ಓಯ್! ಆ ಹಲಗೆ ಮೇಲೆ ಕಾಲಿಡ್ಬೇಡಿ!"

ಹೊಳೆಕಟ್ಟೆಯ ಬಾಗಿಲ ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದ ಯುವಕ ಬೆಚ್ಚಿ, ಜಾರಿ, ಕಂಬವನ್ನು ತಬ್ಬಿಕೊಂಡು ನಿಂತ. ಹೆಗಲಲ್ಲಿದ್ದ ತಂತಿಯ ಸುರುಳಿ ಕೆಸರಿಗೆ ಬಿತ್ತು.

ಕಟ್ಟೆಯ ಮೇಲಿಂದ ಗಣಪಿ ಓಡಿ ಬಂದಳು. ಇಪ್ಪತ್ನಾಲ್ಕರ ಹುಡುಗಿ. ಮೊಣಕಾಲವರೆಗೆ ಕೆಸರು, ಕಣ್ಣಲ್ಲಿ ಕೆಂಡ.

"ಚಪ್ಪಲಿ ಹಾಕ್ಕೊಂಡು ಹತ್ತೂದಲ್ಲ ಅದು. ದೇವರ ಹಲಗೆ!"

"ಯಾವ ದೇವರು?"

"ಊರಿಗೆ ಅನ್ನ ಕೊಡೂ ದೇವರು. ಬೇರೆ ಹೆಸರು ಬೇಕಾ ನಿಮ್ಗೆ?"

ಯುವಕ ಚಪ್ಪಲಿ ಬಿಚ್ಚಿ ಬದಿಗಿಟ್ಟ. ಬಗ್ಗಿ ಹಲಗೆಯನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡ.

ಇನ್ನೂ ನಾಲ್ಕು ಬೈಗುಳ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಗಣಪಿಗೆ ಅವುಗಳನ್ನು ಎಲ್ಲಿಡಬೇಕು ಎಂದೇ ತಿಳಿಯಲಿಲ್ಲ.

'ಇಂವ ಯಾರಪ್ಪ...?'

ಅವನ ಹೆಸರು ತಿಮ್ಮಪ್ಪ. ಭಟ್ಕಳದ ಕಡೆಯ ಕಾಯ್ಕಿಣಿಯವನು. ಮುಂಬಯಿಯಲ್ಲಿ ಯಂತ್ರ ರಿಪೇರಿ ಕಲಿತು, ಈಗ ಕುಮಟೆಯಲ್ಲಿ ಬಿಡಾರ ಹೂಡಿದ್ದ ಸರ್ವೆ ಪಾರ್ಟಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಹೊಳೆಯ ಉಪ್ಪು ನೀರು ಗದ್ದೆಗೆ ಎಷ್ಟು ನುಗ್ಗುತ್ತದೆ ಎಂದು ಅಳೆದು, ಮುಂದೆ ಹೊಸ ಕಟ್ಟೆ ಕಟ್ಟುವ ಯೋಚನೆ ಸರಕಾರದ್ದು. ಅದು ಅರವತ್ತಾರನೇ ಇಸವಿ.

ಗಜನಿ ಎಂದರೆ ಹೊಳೆಯಂಚಿನ ತಗ್ಗು ಗದ್ದೆ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯ ಬಾಯಲ್ಲಿ ಮರದ ಹಲಗೆಯ ಬಾಗಿಲು. ಊರವರು ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಸಮುದ್ರದ ಭರತ ಹೊಳೆಯೊಳಗೆ ಏರಿ ಬಂದಾಗ ಹಲಗೆ ಇಳಿಸಬೇಕು. ಇಳಿತವಾದಾಗ ಎತ್ತಿ ಮಳೆನೀರನ್ನು ಹೊರಗೆ ಬಿಡಬೇಕು. ಅಲ್ಲಿ ಬೆಳೆಯುವ ಕಗ್ಗ ಭತ್ತ ಒಂದಿಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ. ಆದರೆ ಎಳೆ ಪೈರಿನ ಮೇಲೆ ಭರತದ ನೀರು ನಿಂತರೆ ಊರಿಗೆ ಊರೇ ಆ ವರ್ಷ ಉಪವಾಸ.

ಹಗಲು ಒಂದು ಭರತ, ರಾತ್ರಿ ಒಂದು ಭರತ. ಹಬ್ಬವೆಂದು ಸಮುದ್ರ ರಜೆ ಕೊಡುವುದಿಲ್ಲ.

ಗಣಪಿಯ ಅಪ್ಪ ಬೊಮ್ಮ ನಲವತ್ತು ವರ್ಷ ಆ ಬಾಗಿಲು ಕಾದ. ಅವನು ತೀರಿಕೊಂಡ ದಿನವೂ ಅವಳು ಕಣ್ಣೊರೆಸಿಕೊಂಡು ಹೋಗಿ ಹಲಗೆ ಇಳಿಸಿ ಬಂದಿದ್ದಳು. ಆಮೇಲೆ ಆ ಕೆಲಸ ಅವಳಿಗೇ ಉಳಿಯಿತು. ಕಟ್ಟೆಯ ತುದಿಯ ಗುಡಿಸಲೂ ಉಳಿಯಿತು. ತಾಯಿ ಮೊದಲೇ ಇರಲಿಲ್ಲ. ನೋಡಲು ಬಂದ ಎರಡು ಗಂಡುಗಳು, "ಹುಡುಗಿ ಅಡ್ಡಿಲ್ಲ. ಆದ್ರೆ ಬಾಗಿಲು ಕಟ್ಕೊಂಡು ಯಾರು ಏಗ್ತ್ರು?" ಎಂದು ಬಂದ ದಾರಿ ಹಿಡಿದಿದ್ದರು.

ಎರಡು ವರ್ಷದಿಂದ ಅವಳು ಒಬ್ಬಳೇ ಉಣ್ಣುತ್ತಿದ್ದಳು. ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ.

ತಿಮ್ಮಪ್ಪ ಎರಡು ದಿನ ಕೆಲಸ ಮಾಡಿದ. ಹೊಳೆಯಲ್ಲಿ ಒಂದು ತೇಲುಗುಂಡು, ಗದ್ದೆಯಲ್ಲಿ ಒಂದು ತೇಲುಗುಂಡು. ಎರಡರಿಂದಲೂ ಕಟ್ಟೆಯ ಬದಿಯಲ್ಲೇ ತಂತಿ ಎಳೆದು, ಗುಡಿಸಲಿನ ಹತ್ತಿರ ಕಟ್ಟಿದ ಚಿಕ್ಕ ಮಾಡಿನೊಳಗೆ ಒಂದು ಪೆಟ್ಟಿಗೆಗೆ ತಂದ. ಪೆಟ್ಟಿಗೆಯಲ್ಲಿ ಬ್ಯಾಟರಿ, ಚಾವಿ ಕೊಟ್ಟರೆ ನಿಧಾನ ಸುತ್ತುವ ಕಾಗದದ ಉರುಳೆ, ಅದರ ಮೇಲೆ ಎರಡು ಮುಳ್ಳು.

"ಕೆಂಪು ಮುಳ್ಳು ಹೊಳೇದು, ನೀಲಿ ಗದ್ದೇದು" ಎಂದ. "ನೀರು ಏರಿದ್ರೆ ಮುಳ್ಳು ಏರ್ತದೆ, ಇಳಿದ್ರೆ ಇಳೀತದೆ."

"ನೋಡೂಕೆ ಯಾರೂ ಇಲ್ದೆ ಇದ್ರೂ?"

"ಯಾರೂ ಇಲ್ದೆ ಇದ್ರೂ. ಇದಕ್ಕೆ ನಿದ್ದೆ ಇಲ್ಲ, ಸುಳ್ಳೂ ಬರೂದಿಲ್ಲ."

ಗಣಪಿ ಆ ಪೆಟ್ಟಿಗೆಯನ್ನು ತುಂಬ ಹೊತ್ತು ನೋಡಿದಳು. 'ನನ್ನ ಹಾಗೇ... ಹಗಲೂ ರಾತ್ರಿ ಹೊಳೆ ಕಾಯೂದು...' ಅವಳಿಗೆ ಅದರ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು.

ಅಂದಿನಿಂದ ಪ್ರತಿ ಗುರುವಾರ ತಿಮ್ಮಪ್ಪ ಬರುತ್ತಿದ್ದ. ಕುಮಟೆಯಿಂದ ಬಸ್ಸು, ಆಮೇಲೆ ಕಟ್ಟೆಯ ಮೇಲೆ ನಡಿಗೆ. ಕಾಗದ ಬದಲಿಸುವುದು, ಶಾಯಿ ತುಂಬುವುದು, ಚಾವಿ ಕೊಡುವುದು ಅರ್ಧ ಗಂಟೆಯ ಕೆಲಸ. ಅವನು ಮೂರು ಗಂಟೆ ಇರುತ್ತಿದ್ದ.

ಪಕ್ಕದ ಸಣ್ಣಿ ಅಜ್ಜಿ ಸುಮ್ಮನಿರುವವಳಲ್ಲ.

"ಎಂತ ಮಾರಾಯಾ, ಪೆಟ್ಟಿಗೆಗೆ ಅಷ್ಟು ಕಾಯಿಲೆಯಾ? ವಾರವಾರ ಇಷ್ಟು ಹೊತ್ತು ಮದ್ದು ಮಾಡ್ತೆ?"

"ಇಲ್ಲಾ ಅಜ್ಜಿ, ಗಟ್ಟಿಯಾಗೇ ಉಂಟು."

"ಹಂಗಾರೆ ಕಾಯಿಲೆ ಮೆಕ್ಯಾನಿಕ್‍ಗೇಯ!"

ಗಣಪಿ ಚಾ ಕೊಡುವ ನೆಪದಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಗುರುವಾರ ಬೆಳಿಗ್ಗೆ ಅವಳ ಕೈ ತಾನಾಗಿ ಎರಡು ಲೋಟ ತೆಗೆಯುತ್ತಿತ್ತು. ಅವನು ಹೋದ ಮೇಲೆ ಆ ಎರಡನೇ ಲೋಟವನ್ನು ತೊಳೆದು ಕವುಚಿ ಹಾಕುವಾಗ ಗುಡಿಸಲು ಮೊದಲಿಗಿಂತ ದೊಡ್ಡದಾದಂತೆ, ಖಾಲಿಯಾದಂತೆ ತೋರುತ್ತಿತ್ತು.

ಒಂದು ಗುರುವಾರ ಹೊರಡುವಾಗ ತಿಮ್ಮಪ್ಪ ಕಟ್ಟೆಯ ಹೊಳೆಬದಿಯ ಇಳಿಜಾರಿನಲ್ಲಿ ಕಲ್ಲುಗಳ ಮೇಲೆ ಕೂರಿಸಿದ್ದ ಮರದ ಡಬ್ಬಿಯನ್ನು ತೋರಿಸಿ ಹೇಳಿದ್ದ.

"ಎರಡೂ ತಂತಿಗೆ ಇಲ್ಲೇ ಗಂಟು ಹಾಕಿದ್ದೆ. ತಂತಿ ಸುರುಳಿ ಇಲ್ಲಿಗೆ ಮುಗೀತು. ಇದೊಂದು ನಿಮ್ಮ ಕಣ್ಣಲ್ಲಿರಲಿ."

ಆ ಮಾತನ್ನು ಅವಳು ದೇವರ ಪ್ರಸಾದದಂತೆ ಇಟ್ಟುಕೊಂಡಳು. ಮರುದಿನ ಜೋರು ಮಳೆ. ಗಣಪಿ ಕಂಬಳಿ ಕೊಪ್ಪೆ ಹೊದ್ದು ಹೋಗಿ ಡಬ್ಬಿ ನೋಡಿದಳು. ಅಡಿಯಲ್ಲಿ ಮೂರು ತೂತು!

'ಅಯ್ಯೋ... ಇಲ್ಲಿಂದ ನೀರು ಒಳಗೆ ಹೋದ್ರೆ?'

ಕಟ್ಟೆಯ ಮೇಲೆ ಹುಟ್ಟಿ ಬೆಳೆದವರು ತೂತು ಕಂಡರೆ ಎರಡನೆಯ ಯೋಚನೆ ಮಾಡುವುದಿಲ್ಲ. ಅವಳು ಹೊಳೆದಂಡೆಯ ಜಿಗುಟು ಮಣ್ಣು ತಂದು ಮೂರೂ ತೂತು ಮುಚ್ಚಿದಳು. ಡಬ್ಬಿಯ ಸುತ್ತಲೂ ಮೇಲೂ ದಪ್ಪಗೆ ಮೆತ್ತಿದಳು. ಮಗುವಿಗೆ ಹೊದಿಕೆ ಹೊದಿಸಿದಷ್ಟು ಮೆಲ್ಲಗೆ ಅಂಗೈಯಲ್ಲಿ ಸವರಿ ನಯ ಮಾಡಿದಳು. ಅವನಿಗೆ ಹೇಳಲಿಲ್ಲ. ಹೇಳಿದರೆ ಮನಸ್ಸಿನೊಳಗಿನ ಇನ್ನೇನೋ ಹೇಳಿದಂತಾಗುತ್ತಿತ್ತು.

ಆಷಾಢದ ಅಮಾವಾಸ್ಯೆ ಬಂತು, ಹೋಯಿತು.

ಅಮಾವಾಸ್ಯೆ ಕಳೆದ ಗುರುವಾರ ತಿಮ್ಮಪ್ಪ ಕಾಗದ ಬಿಚ್ಚಿದವನು ಹಾಗೇ ನಿಂತುಬಿಟ್ಟ.

"ಎಂತ ಆತು?" ಎಂದಳು ಗಣಪಿ.

ಅವನು ಚಾ ಕುಡಿಯಲಿಲ್ಲ. ಕಾಗದ ಸುತ್ತಿಕೊಂಡು, ತಲೆ ತಗ್ಗಿಸಿ ಹೊರಟು ಹೋದ.

ಶನಿವಾರ ಊರ ದೇವರ ಅಂಗಳದಲ್ಲಿ ಕೂಟ ಸೇರಿತು. ಗಜನಿಯಲ್ಲಿ ಗದ್ದೆ ಇದ್ದವರೆಲ್ಲ ಬಂದಿದ್ದರು. ನಡುವೆ ಲಿಂಗಪ್ಪ ನಾಯಕರು. ಕಟ್ಟೆಯ ಯಜಮಾನಿಕೆ ಅವರದು. ಊರೆಲ್ಲ ಅವರನ್ನು ಲಿಂಗಪ್ಪಣ್ಣ ಎನ್ನುತ್ತಿತ್ತು. ಬದಿಯ ಕುರ್ಚಿಯಲ್ಲಿ ಸರ್ವೆಯ ಸಾಹೇಬರು. ಅವರ ಹಿಂದೆ ಕಾಗದ ಹಿಡಿದು ತಿಮ್ಮಪ್ಪ.

"ಓದು" ಎಂದರು ಸಾಹೇಬರು.

ತಿಮ್ಮಪ್ಪ ಕಾಗದ ಬಿಚ್ಚಿದ. "ಅಮಾವಾಸ್ಯೆಯ ಆಚೆ ಈಚೆ ನಾಲ್ಕು ದಿನ... ಮಧ್ಯಾಹ್ನದ ಭರತದಲ್ಲಿ... ಗದ್ದೆಯ ನೀರು ನಾಲ್ಕು ಬೆರಳು ಏರಿದೆ."

ಅಂಗಳದಲ್ಲಿ ಗುಸುಗುಸು ಎದ್ದಿತು.

"ಮಧ್ಯಾಹ್ನ ನಾವೆಲ್ಲ ಉಣ್ಣೂಕೆ ಹೋಗ್ತೇವೆ. ಬಾಗಿಲಲ್ಲಿ ಇವಳೊಬ್ಳೇ!"

"ಹಲಗೆ ಒಂಚೂರು ಎತ್ತಿ ಬಲೆ ಕಟ್ಟಿದ್ರೆ ಬುಟ್ಟಿ ತುಂಬ ಶೆಟ್ಲಿ. ಅದ್ಕೇಯ ಹಗಲೇ ನೀರು ಏರಿದ್ದು!"

ಗಣಪಿ ಎದ್ದು ನಿಂತಳು.

"ದೇವರಾಣೆ ನಾನು ಹಲಗೆ ಎತ್ತಲಿಲ್ಲ. ಸಿಗಡಿ ಆಸೆಗೆ ಊರ ಅನ್ನಕ್ಕೆ ಉಪ್ಪು ಹಾಕೂ ಹೆಣ್ಣಲ್ಲ ನಾನು."

ಅವಳು ತಿಮ್ಮಪ್ಪನ ಕಡೆ ತಿರುಗಿದಳು. ಎಲ್ಲರ ಎದುರಿಗೇ.

"ನೀವು ಹೇಳಿ. ವಾರವಾರ ಬತ್ತ್ರಿ, ನನ್ನ ನೋಡ್ತ್ರಿ. ನಾನು ಬಾಗಿಲು ತೆರೆದೆ ಅಂತ ನೀವೂ ಹೇಳ್ತ್ರಾ?"

ಇಡೀ ಅಂಗಳ ಅವನ ಬಾಯಿ ನೋಡಿತು.

"ಕಾಗದದಲ್ಲಿ... ಹಾಗೇ ಉಂಟು" ಎಂದ ತಿಮ್ಮಪ್ಪ.

ಅಷ್ಟೇ.

ಗಣಪಿ ಕೂತಳು.

ಲಿಂಗಪ್ಪಣ್ಣ ತೀರ್ಪು ಹೇಳಿದರು. ಪ್ರತಿ ವರ್ಷ ನೂಲ ಹುಣ್ಣಿಮೆಯ ದಿನ ಬಾಗಿಲು ಕಾಯುವವರಿಗೆ ಊರ ಪರವಾಗಿ ವೀಳ್ಯ ಕೊಡುವುದು ಆ ಸೀಮೆಯ ಕಟ್ಟಳೆ. ವೀಳ್ಯ ಹಿಡಿದವರದ್ದು ಬಾಗಿಲು. ನಲವತ್ತೆರಡು ವರ್ಷ ಅದು ಬೊಮ್ಮನ ಮನೆಗೇ ಬಂದಿತ್ತು.

"ಈ ಸಲದ ವೀಳ್ಯ ನಿಂಗಿಲ್ಲ ಗಣಪಿ. ಹುಣ್ಣಿಮೆ ವರೆಗೆ ನೋಡ್ಕೊ. ಆಮೇಲೆ ನಮ್ಮ ಹರಿಹರ ನೋಡ್ತ. ಗುಡಿಸಲೂ ಅವಂಗೇ ಬಿಟ್ಕೊಡು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ನಿನ್ನ ಅಪ್ಪ ಒಂದು ಭರತ ತಪ್ಪಿಸ್ಲಿಲ್ಲ ಮಗಾ..."

ಆ ಹತ್ತು ದಿನ ಗಣಪಿಯ ಬದುಕಿನಲ್ಲಿ ಅತಿ ಉದ್ದದ ದಿನಗಳು.

ಕಟ್ಟೆಯ ಮೇಲೆ ಎದುರಾದವರು ಗದ್ದೆಗೆ ಇಳಿದು ದಾರಿ ಬಿಡುತ್ತಿದ್ದರು, ಮೈಲಿಗೆಯಾದವರ ಎದುರು ಬಿಡುವಂತೆ. ಅವಳು ಹೊತ್ತು ಹೊತ್ತಿಗೆ ಹಲಗೆ ಇಳಿಸಿದಳು, ಎತ್ತಿದಳು. ಗಂಜಿ ಬೇಯಿಸಿದಳು, ಉಣ್ಣಲಾರದೆ ಕಾಗೆಗೆ ಹಾಕಿದಳು.

ಎಲ್ಲಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಅವಳಿಗೆ ತನ್ನ ಮೇಲೇ ಅನುಮಾನ ಬರತೊಡಗಿತ್ತು.

'ರಾತ್ರಿ ಭರತಕ್ಕೆ ಎಚ್ಚರ ಇದ್ದು, ಮಧ್ಯಾಹ್ನ ಹಲಗೆ ಇಳಿಸಿ ಒಂಚೂರು ಕಣ್ಣು ಮುಚ್ತೆ... ಹಲಗೆ ಪೂರ್ತಿ ಕೂರಿಸದೆ ಮಲಗಿದ್ನಾ? ನಿದ್ದೆಗಣ್ಣಲ್ಲಿ ಎಂತಾದ್ರೂ ಮಾಡಿದ್ನಾ? ಪೆಟ್ಟಿಗೆಗೆ ಸುಳ್ಳು ಬರೂದಿಲ್ಲ ಅಂತ ಅವ್ರೇ ಹೇಳಿದ್ರು...'

ಊರು ಕಳ್ಳಿ ಎಂದದ್ದನ್ನು ತಡೆದುಕೊಳ್ಳಬಹುದಿತ್ತು. ತನ್ನ ಮನಸ್ಸೇ ತನ್ನನ್ನು ನಂಬದೆ ಹೋದರೆ ಮನುಷ್ಯ ಯಾರ ಹತ್ತಿರ ಹೋಗಬೇಕು? ಅವಳು ದೇವರ ಹತ್ತಿರ ಹೋದಳು. ಬೆಳಿಗ್ಗೆ ಹಲಗೆಗೆ ಕೈಮುಗಿದು, "ನೀನು ನೋಡಿದ್ದೆಯಲ್ಲ, ಹೇಳು" ಎಂದಳು. ಹಲಗೆಯ ಕೆಳಗೆ ನೀರು ತನ್ನ ಪಾಡಿಗೆ ಹರಿಯಿತು.

ಮುಂದಿನ ಗುರುವಾರ ಬೇರೆ ಯಾರೋ ಬಂದು ಕಾಗದ ಬಿಚ್ಚಿಕೊಂಡು ಹೋದರು. ಆ ವಾರ ನೀಲಿ ಗೆರೆ ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಅದೂ ಅವಳಿಗೇ ಮುಳ್ಳಾಯಿತು.

"ನೋಡಿ, ಸಿಕ್ಕಿಬಿದ್ದ ಮೇಲೆ ಹೆಂಗೆ ನಿಂತ್ತು!" ಎಂದಿತು ಊರು.

ಇತ್ತ ಕುಮಟೆಯ ಬಾಡಿಗೆ ಕೋಣೆಯಲ್ಲಿ ತಿಮ್ಮಪ್ಪನಿಗೂ ಅನ್ನ ಸೇರುತ್ತಿರಲಿಲ್ಲ. ಅವನಾಗಿಯೇ ಆ ಗುರುವಾರದ ಕೆಲಸ ಬೇರೆಯವರಿಗೆ ಬಿಟ್ಟಿದ್ದ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ.

ಅಮಾವಾಸ್ಯೆಯ ಕಾಗದದ ನಕಲು ಬೇಕೆಂದು ಸಾಹೇಬರು ಹೇಳಿದ್ದರು. ಒಂದು ಸಂಜೆ ಗೆರೆಗಳ ಮೇಲೆ ಪೆನ್ಸಿಲ್ ಎಳೆಯುತ್ತಿದ್ದಾಗ ಅವನ ಕೈ ನಿಂತಿತು.

ಕೆಂಪು ಏರಿದ ಗಳಿಗೆಗೇ ನೀಲಿ ಏರಿದೆ. ಕೆಂಪು ಇಳಿದ ಗಳಿಗೆಗೇ ಇಳಿದಿದೆ. ನಾಲ್ಕೂ ದಿನ!

'ನೀರು ಹೀಗೆ ನಡೀತದಾ? ಬಾಗಿಲಿಂದ ನುಗ್ಗಿ, ಅಷ್ಟು ಅಗಲ ಗದ್ದೆ ತುಂಬಿ, ಏರೂಕೆ ಹೊತ್ತು ಬೇಕಲ್ಲ...'

ಇನ್ನೊಂದೂ ಕಂಡಿತು. ಕೆಂಪು ಗೆರೆ ಕಾಗದದ ಏಳನೇ ಅಡ್ಡಗೆರೆ ಮುಟ್ಟುವವರೆಗೆ ನೀಲಿ ಕದಲಿಲ್ಲ. ಮುಟ್ಟಿದ ಕೂಡಲೇ ಎದ್ದಿದೆ. ನಾಲ್ಕೂ ದಿನ, ಅದೇ ಏಳನೇ ಗೆರೆ. ರಾತ್ರಿಯ ಭರತ ಆ ಗೆರೆಯವರೆಗೆ ಬಂದಿರಲಿಲ್ಲ, ನೀಲಿಯೂ ಎದ್ದಿರಲಿಲ್ಲ.

ಕೆಂಪಿನ ಮಾತು ನೀಲಿಯ ಬಾಯಲ್ಲಿ ಬಂದಿದೆ. ಎಲ್ಲೋ ಒಂದು ತಂತಿಯದು ಇನ್ನೊಂದಕ್ಕೆ ಸೋರಿದೆ.

ಪೆನ್ಸಿಲ್ ಅವನ ಕೈಯಿಂದ ಉರುಳಿತು. 'ದೇವರೇ... ನಾನು ಏನು ಓದಿದೆ ಆ ಅಂಗಳದಲ್ಲಿ!'

ಹುಣ್ಣಿಮೆಗೆ ಒಂದು ದಿನ ಮೊದಲು, ಬೆಳಗಿನ ಮೊದಲ ಬಸ್ಸಿಗೆ ತಿಮ್ಮಪ್ಪ ಹಿರೇಗುತ್ತಿಗೆ ಬಂದ.

ಗಣಪಿ ಗುಡಿಸಲಿನ ಪಾತ್ರೆಪರಡಿ ಕಟ್ಟುತ್ತಿದ್ದಳು. ಸಣ್ಣಿ ಅಜ್ಜಿ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು.

"ಬಂದ್ರಾ ಮದ್ದಿನವ್ರು?" ಎಂದಳು ಅಜ್ಜಿ. "ಕೂಸನ್ನ ಬೀದಿಗೆ ಹಾಕಿ ಆತು. ಇನ್ನೆಂತ ಉಳಿದದೆ?"

"ಬಾಗಿಲ ವಿಷಯ ಆದ್ರೆ ಹರಿಹರನ ಹತ್ರ ಕೇಳಿ" ಎಂದಳು ಗಣಪಿ, ತಲೆ ಎತ್ತದೆ. "ನಾಳೆಯಿಂದ ಅವಂದು."

"ತಂತಿ ವಿಷಯ. ಒಂದರದು ಒಂದಕ್ಕೆ ಸೋರ್ತಾ ಉಂಟು ಅಂತ ನಂಗೆ ಅನುಮಾನ. ಬಾಗಿಲು ಮುಚ್ಚೇ ಇತ್ತು, ಗಣಪಿ."

ಹಗ್ಗ ಕಟ್ಟುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಹತ್ತು ದಿನದಲ್ಲಿ ಮೊದಲ ಸಲ ಯಾರೋ ಆ ಮಾತು ಹೇಳಿದ್ದರು. ತಾನೇ ತನಗೆ ಹೇಳಿಕೊಳ್ಳಲಾಗದೆ ಹೋದ ಮಾತು...

ಅವನು ಗದ್ದೆಯ ತೇಲುಗುಂಡನ್ನು ಗೂಟಕ್ಕೆ ಬಿಗಿದು ಕಟ್ಟಿದ. ಈಗ ನೀಲಿ ಮುಳ್ಳು ಏರಬಾರದು. ಅಜ್ಜಿಯನ್ನು ಪೆಟ್ಟಿಗೆಯ ಎದುರು ಕೂರಿಸಿ, ಹೊಳೆಗೆ ಇಳಿದು ಹೊಳೆಯ ಗುಂಡನ್ನು ಕೈಯಲ್ಲಿ ಎತ್ತರಕ್ಕೆ ಎತ್ತಿದ.

"ಅಜ್ಜೀ, ಎಂತ ಆತು?"

"ಕೆಂಪು ಹಾರ್ತು!"

"ನೀಲಿ?"

"ಅದು ಸೊಸೆ ಮನೆಗೆ ಬಂದ ಅತ್ತೆ ಹಂಗೆ ಕೂತದೆ. ಮಿಸುಕೂದಿಲ್ಲ!"

ಮತ್ತೆ ಎತ್ತಿದ. ಮತ್ತೆ ಅದೇ. ಪೆಟ್ಟಿಗೆ ಬಿಚ್ಚಿ ತಿರುಪು ಬಿಗಿದ, ಬ್ಯಾಟರಿ ಒರೆಸಿದ, ತಂತಿಗಳನ್ನು ಬೆರಳಲ್ಲಿ ಸವರಿ ನೋಡಿದ. ನೀಲಿ ಮುಳ್ಳು ಮಲಗಿಯೇ ಇತ್ತು.

ತಿಮ್ಮಪ್ಪ ಕಟ್ಟೆಯ ಮೇಲೆ ಬಂದು ಕೂತ.

"ಹಂಗಾರೆ ಪೆಟ್ಟಿಗೆ ಹೇಳಿದ್ದೇ ಖರೆ" ಎಂದಳು ಗಣಪಿ. ದನಿ ಬತ್ತಿತ್ತು. "ಬಿಡಿ. ನಾನೇ ನಿದ್ದೆಗಣ್ಣಲ್ಲಿ..."

"ಅಲ್ಲ! ಏಳನೇ ಗೆರೆ ಯಾಕೆ? ನಾಲ್ಕೂ ದಿನ ಕೆಂಪು ಏಳನೇ ಗೆರೆ ಮುಟ್ಟಿದ ಮೇಲೇ ನೀಲಿ ಎದ್ದದ್ದು ಯಾಕೆ?"

ಗಣಪಿ ಹೋಗಬೇಕೆಂದಿದ್ದವಳು ತಿರುಗಿದಳು.

"ಏಳನೇ ಗೆರೆ ಅಂದ್ರೆ ಎಷ್ಟು ಎತ್ತರ?"

ಅವನು ಬಾಗಿಲ ಕಂಬದ ಮೇಲೆ ಬೆರಳಿಟ್ಟು ತೋರಿಸಿದ.

"ಇಲ್ಲಿಗೆ ನೀರು ಬರೂವರೆಗೆ ಎಂತದೂ ಇಲ್ಲ್ವಾ? ಬಂದ ಕೂಡ್ಲೇ ಶುರುವಾ?" ಅವಳ ಕಣ್ಣು ಬೆಳಗಿತು. "ಹಂಗಾರೆ ಅದು ಬಾಗಿಲಲ್ಲ. ಏಡಿ ಬಿಲ!"

"ಏಡಿ ಬಿಲವಾ?"

"ಬಾಗಿಲು ಎತ್ತಿದ್ರೆ ಅಡಿಯಿಂದ್ಲೇ ನೀರು ಬತ್ತದೆ, ಭರತ ಶುರುವಾದಾಗಿಂದ್ಲೇ. ಕಟ್ಟೆಯಲ್ಲಿ ಏಡಿ ಬಿಲ ಕೊರೆದಿದ್ರೆ, ಬಿಲದ ಎತ್ತರಕ್ಕೆ ನೀರು ಬರೂವರೆಗೆ ಒಂದು ಹನಿಯೂ ಇಲ್ಲ. ಅದ್ಕೇಯ ಸಣ್ಣ ಭರತದ ವಾರ ಸೋರೂದಿಲ್ಲ. ಅಮಾಸೆ ಹುಣ್ಣಿಮೆಗೆ ಮಾತ್ರ. ಅಪ್ಪ ಹೇಳ್ತಿದ್ದ, 'ಬಿಲ ಹುಡುಕೂಕೆ ಅಗೀಬೇಡ, ನೀರಿನ ಗೆರೆ ಹಿಡಿದು ನಡಿ' ಅಂತ."

ಅಮಾವಾಸ್ಯೆಯ ಭರತ ಬಿಟ್ಟುಹೋದ ಕಸದ ಗೆರೆ ಕಟ್ಟೆಯ ಇಳಿಜಾರಿನಲ್ಲಿ ಇನ್ನೂ ಕಾಣುತ್ತಿತ್ತು. ಅವಳು ಮುಂದೆ, ಅವನು ಹಿಂದೆ. ಗೆರೆಗಿಂತ ನಾಲ್ಕು ಬೆರಳು ಕೆಳಗೆ ಕಣ್ಣಿಟ್ಟು ತಂತಿಯ ಗುಂಟ ನಡೆದರು. ಐವತ್ತು ಹೆಜ್ಜೆ, ನೂರು ಹೆಜ್ಜೆ...

ಗಣಪಿ ಗಕ್ಕನೆ ನಿಂತಳು.

ಎದುರಿಗೆ ಒಂದು ಮಣ್ಣಿನ ದಿಬ್ಬ. ನಯವಾಗಿ ಸವರಿದ್ದು. ಒಣಗಿದ ಮಣ್ಣಿನಲ್ಲಿ ಐದು ಬೆರಳಿನ ಗುರುತು.

"ನನ್ನ ಡಬ್ಬಿ ಎಲ್ಲಿ?" ಎಂದ ತಿಮ್ಮಪ್ಪ.

"ಒಳಗೆ ಅದೆ..." ಅವಳು ದಿಬ್ಬಕ್ಕೆ ಬೆರಳು ತೋರಿಸಿದಳು. "ನಾನೇ ಮೆತ್ತಿದ್ದು."

ಅವನು ಹೊಳೆಯಿಂದ ಕೊಡದಲ್ಲಿ ನೀರು ತಂದು ಆ ದಿಬ್ಬದ ಮೇಲೆ ಸುರಿದ. ಎರಡನೇ ಕೊಡ. ಮೂರನೇ ಕೊಡ.

ಮಾಡಿನೊಳಗಿಂದ ಅಜ್ಜಿಯ ಕೂಗು ಬಯಲಿಗೆಲ್ಲ ಕೇಳಿತು.

"ಎದ್ತು! ಏಯ್, ನೀಲಿ ಎದ್ತು! ಗುಂಡು ಕಟ್ಟಿ ಹಾಕಿದ್ರೂ ಎದ್ತು ಮಾರಾಯಾ!"

ತಿಮ್ಮಪ್ಪ ಕೈಯಿಂದಲೇ ಮಣ್ಣು ಬಗೆದ. ಮುಚ್ಚಳ ತೆಗೆದಾಗ ಒಳಗೆ ಉಪ್ಪಿನ ಕೆಸರು ತುಂಬಿತ್ತು. ಎರಡೂ ಗಂಟಿನ ತಾಮ್ರ ಹಸಿರಾಗಿ, ಒಂದಕ್ಕೊಂದು ಉಪ್ಪು ಕೆಸರಲ್ಲೇ ಬೆಸೆದುಕೊಂಡಿತ್ತು. ಒಣಗಿದಾಗ ಎರಡೂ ಬೇರೆ ಬೇರೆ. ಭರತ ಬಂದು ನೆನೆದಾಗ ಒಂದೇ.

ಗಣಪಿ ಡಬ್ಬಿಯ ಎದುರು ಕೂತಳು.

"ನನ್ನ ಕೈಯೇ ನನ್ನ ಕಳ್ಳಿ ಮಾಡ್ತು..."

"ಯಾಕೆ ಮೆತ್ತಿದ್ರಿ?" ಅವನ ದನಿ ಬೈಯುವಂತಿರಲಿಲ್ಲ.

"ಕಣ್ಣಲ್ಲಿರಲಿ ಅಂದ್ರಲ್ಲ ನೀವು. ಮಳೆ ಬಂತು. ಅಡೀಲಿ ತೂತು ಕಂಡೆ." ಅವಳು ಕೆಸರು ಕೈಯಿಂದಲೇ ಕಣ್ಣೊರೆಸಿಕೊಂಡಳು. "ತೂತು ಕಂಡ್ರೆ ಮುಚ್ಚೂದು. ನಂಗೆ ಗೊತ್ತಿದ್ದದ್ದು ಅಷ್ಟೇ. ನಿಮ್ಮದು ಎಂತದೂ ನೆನೀಬಾರದು ಅಂತ..."

ತಿಮ್ಮಪ್ಪ ಆ ಬೆರಳಿನ ಗುರುತುಗಳನ್ನು ನೋಡುತ್ತ ಕೂತ. ಯಾರೂ ಅವನ ಕೆಲಸದ ಮೇಲೆ ಇಷ್ಟು ಮಮತೆಯ ಕೈ ಇಟ್ಟಿರಲಿಲ್ಲ.

"ಆ ತೂತು ಬಿದ್ದ ನೀರು ಹೊರಗೆ ಹೋಗ್ಲಿ ಅಂತ ನಾನೇ ಕೊರೆದದ್ದು" ಎಂದ ಮೆಲ್ಲಗೆ. "ಯಾಕೆ ಅಂತ ನಿಮ್ಗೆ ಹೇಳಲಿಲ್ಲ. ಒಂದೇ ಡಬ್ಬಿಯಲ್ಲಿ ಎರಡೂ ಗಂಟು ಇಡಬಾರದು, ಹೊಳೆ ಬದಿಗಂತೂ ಇಡಲೇಬಾರದು. ಸುರುಳಿ ಮುಗೀತು ಅಂತ ಅಲ್ಲೇ ಮುಗಿಸಿದ್ದು ನಾನು. ತಪ್ಪು ನಂದು, ಗಣಪಿ."

"ಅದಲ್ಲ ನಿಮ್ಮ ತಪ್ಪು."

ಅವನು ತಲೆ ಎತ್ತಿದ.

"ಅಂದು ಅಂಗಳದಲ್ಲಿ ನಾನು ಕೇಳಿದ್ದು ಕಾಗದವನ್ನಲ್ಲ. ನಿಮ್ಮನ್ನ. ನೀವು ನನ್ನ ಮುಖ ನೋಡ್ಲಿಲ್ಲ..." ಅವಳ ದನಿ ಒಡೆಯಿತು. "ಊರು ಬಿಡಲಿ. ಅಪ್ಪ ಸತ್ತ ಮೇಲೆ ನನ್ನ ಮಾತು ಕೇಳೂಕೆ ಅಂತ ಬಂದವ್ರು ನೀವೊಬ್ರೇ ಆಗಿದ್ರಿ!"

ಭರತ ಏರುತ್ತಿತ್ತು.

"ಪೆಟ್ಟಿಗೆ ಮೇಲೆ ಇದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇಡೂಕೆ ನಂಗೆ ಯಾರೂ ಕಲಿಸ್ಲಿಲ್ಲ" ಎಂದ ತಿಮ್ಮಪ್ಪ. "ಅಂಗಳದಲ್ಲಿ ಹೇಳಿದ್ದನ್ನ ಅಂಗಳದಲ್ಲೇ ವಾಪಸು ತಗೊಳ್ತೆ. ಅಷ್ಟು ಮಾಡೂಕೆ ಬಿಡಿ."

ಮಧ್ಯಾಹ್ನದೊಳಗೆ ಅವನು ಹಳೆಯ ಗಂಟು ಕತ್ತರಿಸಿ, ಎರಡು ತಂತಿಯನ್ನೂ ಬೇರೆ ಬೇರೆ ಕಟ್ಟೆಯ ನೆತ್ತಿಗೆ ತಂದು ಕಟ್ಟಿದ. ಗದ್ದೆಯ ಗುಂಡನ್ನು ಬಿಚ್ಚಿಬಿಟ್ಟ. ಭರತ ಏಳನೇ ಗೆರೆ ಮುಟ್ಟಿತು, ಎಂಟು ದಾಟಿತು. ನೀಲಿ ಗೆರೆ ನೇರವಾಗಿ, ಕೆರೆಯ ನೀರಿನ ಹಾಗೆ ಮಲಗಿತ್ತು.

ನೂಲ ಹುಣ್ಣಿಮೆಯ ಬೆಳಿಗ್ಗೆ ಅಂಗಳದಲ್ಲಿ ಜನ ಸೇರಿದರು. ಹರಿಹರ ಹೊಸ ಪಂಚೆ ಉಟ್ಟು ಬಂದಿದ್ದ. ತಟ್ಟೆಯಲ್ಲಿ ವೀಳ್ಯ ಸಿದ್ಧವಾಗಿತ್ತು.

ತಿಮ್ಮಪ್ಪ ಎಲ್ಲರ ನಡುವೆ ನಿಂತು ಅಮಾವಾಸ್ಯೆಯದು, ನಿನ್ನೆಯದು, ಎರಡೂ ಕಾಗದ ಬಿಚ್ಚಿದ. ಒಂದೊಂದಾಗಿ ಎಲ್ಲವನ್ನೂ ಹೇಳಿದ. ಗಂಟು, ಕೆಸರು, ಏಳನೇ ಗೆರೆ. ಸಣ್ಣಿ ಅಜ್ಜಿ ಎದ್ದು ತಾನು ಕಣ್ಣಾರೆ ಕಂಡದ್ದನ್ನು ಕೈ ಕುಣಿಸಿ ಸಾಕ್ಷಿ ಹೇಳಿದಳು.

"ಹಂಗಾರೆ ಕದ್ದವ್ರು ಯಾರು?" ಎಂದು ಯಾರೋ ಕೇಳಿದರು.

"ಯಾರೂ ಕದಿಯಲಿಲ್ಲ. ಬಾಗಿಲು ಮುಚ್ಚೇ ಇತ್ತು. ನನ್ನ ತಂತಿ ಸುಳ್ಳು ಹೇಳಿತು, ನಾನು ಅದನ್ನ ನಂಬಿ ಇಲ್ಲಿ ಓದಿದೆ. ತಪ್ಪಿತಸ್ಥ ನಾನು. ಸಾಹೇಬರಿಗೂ ಹಾಗೇ ಬರೆದು ಕೊಟ್ಟಿದ್ದೆ."

"ಮಣ್ಣು ನಂದು!" ಹೆಂಗಸರ ನಡುವಿನಿಂದ ಗಣಪಿಯ ದನಿ ಬಂತು. "ಅವ್ರೊಬ್ರದೇ ಅಲ್ಲ."

ನಾಲ್ಕು ಜನ ನಕ್ಕರು. ಕೆಲವರು ನೆಲ ನೋಡಿದರು.

ಲಿಂಗಪ್ಪಣ್ಣ ಎರಡು ಕಾಗದವನ್ನೂ ತುಂಬ ಹೊತ್ತು ನೋಡಿದರು. ಆಮೇಲೆ "ಆತು" ಎಂದಷ್ಟೇ ಹೇಳಿ ಎದ್ದು ಹೋದರು. ವೀಳ್ಯ ತಟ್ಟೆಯಲ್ಲೇ ಉಳಿಯಿತು. ಹರಿಹರನಿಗೂ ಇಲ್ಲ, ಗಣಪಿಗೂ ಇಲ್ಲ.

ಸಂಜೆ ಇಳಿತವಾಗುತ್ತಿತ್ತು. ಗಣಪಿ ಹಲಗೆ ಎತ್ತಿ ಬಂದು ಗುಡಿಸಲ ಎದುರು ನಿಂತಳು. ಕಟ್ಟಿಟ್ಟ ಗಂಟುಗಳು ಹಾಗೇ ಇದ್ದವು. ಬಿಚ್ಚಬೇಕೋ, ಹೊರಬೇಕೋ ಅವಳಿಗೆ ತಿಳಿಯದು.

ತಿಮ್ಮಪ್ಪ ಕಟ್ಟೆಯ ಮೇಲೆ ನಿಂತಿದ್ದ.

"ನನ್ನನ್ನ ಹೊನ್ನಾವರದ ಕೆಲಸಕ್ಕೆ ಹಾಕಿದ್ರು. ಇನ್ನು ಪೆಟ್ಟಿಗೆ ನೋಡೂಕೆ ಬೇರೆಯವ್ರು ಬತ್ರು."

ಅವಳು ಗಂಟುಗಳ ಕಡೆ ತಿರುಗಿ ನಿಂತಳು.

"ಆತು. ಒಳ್ಳೇದಾಗ್ಲಿ."

"ಪೆಟ್ಟಿಗೆ ನೋಡೂಕೆ ಬರೂದಿಲ್ಲ ಅಂದೆ. ಬರೂದಿಲ್ಲ ಅನ್ಲಿಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಗಣಪಿ... ನಿಮ್ಮನ್ನ ಮದುವೆ ಆಗ್ಬೇಕು ಅಂತ ನಂಗೆ ಆಸೆ."

ಹೊಳೆಯ ಮೇಲೆ ಒಂದು ಬೆಳ್ಳಕ್ಕಿ ಹಾರಿ ಹೋಯಿತು.

"ಬಾಗಿಲು ಇದ್ರೂ ಇಲ್ದಿದ್ರೂ ನಾನು ಈ ಕಟ್ಟೆ ಬಿಟ್ಟು ಬರೂ ಹೆಣ್ಣಲ್ಲ" ಎಂದಳು. "ಬಾಗಿಲು ಸಿಕ್ರೆ ದಿನಕ್ಕೆ ಎರಡು ಭರತ. ಹಬ್ಬ ಇಲ್ಲ, ನೆಂಟರ ಮನೆ ಇಲ್ಲ. ಯಾರು ಏಗ್ತ್ರು?"

"ಶನಿವಾರ ಸಂಜೆ ಬತ್ತೆ, ಸೋಮವಾರ ಬೆಳಿಗ್ಗೆ ಹೋಗ್ತೆ. ಆ ಎರಡು ರಾತ್ರಿ ಹಲಗೆ ನಾನು ನೋಡ್ಕೊಳ್ತೆ." ಅವನು ತಡೆದು ಹೇಳಿದ. "ನೀವು ಮಲಗಿ. ಬೆಳಗಾಗೂವರೆಗೆ ನಿದ್ದೆ ಮಾಡಿ."

ಪ್ರೀತಿಯ ಮಾತುಗಳನ್ನು ತಡೆದುಕೊಳ್ಳಲು ಅವಳು ತಯಾರಾಗಿ ನಿಂತಿದ್ದಳು. ಈ ಮಾತಿಗೆ ತಯಾರಿರಲಿಲ್ಲ. ಎರಡು ವರ್ಷದಲ್ಲಿ ಅವಳಿಗೆ ಮಲಗು ಎಂದವರು ಯಾರೂ ಇರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು.

"ನಿಮ್ಮ ಆಯಿ... ಎಂತ ಹೇಳ್ತ್ರು?"

"ಆಯಿಗೆ ಶ್ರಾವಣ ಶುರುವಾದಾಗಲೇ ಕಾಗದ ಬರೆದಿದ್ದೆ. 'ಕಟ್ಟೆ ಕಾಯೂ ಹುಡುಗಿ ಮನೆ ಕಾಯೂದಿಲ್ಲವಾ?' ಅಂತ ಬರೆಸಿದ್ಲು."

ಅಳುವಿನ ನಡುವೆ ಗಣಪಿಗೆ ನಗು ಬಂತು. "ಒಳಗೆ ಬನ್ನಿ. ಗಂಟು ಬಿಚ್ಚಿ ಲೋಟ ಹುಡುಕ್ಬೇಕು."

ಅವನು ಒಳಗೆ ಹೋಗಿ ಮೊದಲ ಗಂಟಿಗೆ ಕೈ ಹಾಕಿದ್ದ. ಆಗ ಕಟ್ಟೆಯ ಮೇಲೆ ಯಾರೋ ಬರುವುದು ಗಣಪಿಗೆ ಕಂಡಿತು. ಕೊಡೆ ಇಲ್ಲ, ಜೊತೆಗೆ ಆಳಿಲ್ಲ. ಲಿಂಗಪ್ಪಣ್ಣ ಒಬ್ಬರೇ, ನಿಧಾನ ನಡೆದು ಬರುತ್ತಿದ್ದರು.

ಹಲಗೆಯ ಹತ್ತಿರ ಅವರು ಚಪ್ಪಲಿ ಬಿಟ್ಟರು. ಗುಡಿಸಲ ಎದುರು ಬಂದು, ಶಾಲಿನ ಮರೆಯಿಂದ ವೀಳ್ಯದ ಕಟ್ಟು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು. ಅವಳು ಸೆರಗೊಡ್ಡಿ ತೆಗೆದುಕೊಂಡಳು. ಅವರು ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಬಂದ ದಾರಿಯಲ್ಲೇ ಹಿಂತಿರುಗಿದರು.

ಒಳಗಿನಿಂದ ತಿಮ್ಮಪ್ಪ ಕೇಳಿದ, "ಯಾರು ಬಂದಿದ್ರು? ಎಂತ ಕೊಟ್ರು?"

ಗಣಪಿ ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ನಂದೇ" ಎಂದಳು.